ಕಲ್ಲಿಗಿಂತ ಮೊದಲು ಚೀಟಿ ನೋಡು, ತಂಗೆವ್ವಾ

ಪಿಯುಸಿ ಮುಗಿಸಿ ಭೂವಿಜ್ಞಾನ ಓದಲು ಧಾರವಾಡಕ್ಕೆ ಹೊರಟಿದ್ದೀ ಎಂದು ನಿಮ್ಮಪ್ಪ ಹೇಳಿದ. ಜತೆಗೆ ಕಲ್ಲು ಕೂಡಿಸುವ ಹುಚ್ಚೂ ಹತ್ತಿದೆಯಂತೆ. ಮೊಬೈಲಿನಲ್ಲಿ ನೋಡಿ ಎಂಟುನೂರು ರೂಪಾಯಿಗೆ ನೇರಳೆ ಹರಳಿನ ಗಡ್ಡೆಯೊಂದನ್ನು ತರಿಸಿದ್ದೀಯಂತೆ. ಹುಚ್ಚು ಒಳ್ಳೆಯದೇ, ಬಿಡಬೇಡ. ಆದರೆ ಕೈಯಲ್ಲಿ ಹಿಡಿದು ನೋಡದ ಕಲ್ಲಿಗೆ ದುಡ್ಡು ಕೊಡುವ ರೂಢಿ ಬೇಡ. ನಮ್ಮ ಸುತ್ತಲಿನ ಊರುಗಳಲ್ಲೇ ಚಹಾದ ದುಡ್ಡಿಗೆ ಒಳ್ಳೆಯ ಕಲ್ಲು ಸಿಗುತ್ತವೆ. ಎಲ್ಲಿ ನೋಡಬೇಕು, ಯಾವುದನ್ನು ಬಿಡಬೇಕು ಎಂಬುದು ಗೊತ್ತಿರಬೇಕು, ಅಷ್ಟೆ.

ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಮೂರೂ ಊರು ತಿರುಗು, ಖನಿಜ ಮಾರುವ ಅಂಗಡಿಯ ಬೋರ್ಡು ಎಲ್ಲಿಯೂ ಕಾಣುವುದಿಲ್ಲ. ಇಲ್ಲಿ ಕಲ್ಲು ಬೇರೆ ಸಾಮಾನಿನ ಬೆನ್ನು ಹತ್ತಿ ಬರುತ್ತದೆ. ಹಳೇ ಮನೆ ಕೆಡವಿದಾಗ, ಮಾಸ್ತರರೊಬ್ಬರು ತೀರಿಕೊಂಡಾಗ, ಶಾಲೆಯ ಕಪಾಟು ಖಾಲಿ ಮಾಡಿದಾಗ, ಪತ್ತಾರರ ಮಕ್ಕಳು ಬೆಂಗಳೂರಿನಲ್ಲಿ ನೌಕರಿ ಹಿಡಿದು ಅಪ್ಪನ ಹತಾರಗಳನ್ನು ತೂಕಕ್ಕೆ ಹಾಕಿದಾಗ, ಕಬ್ಬಿಣ, ಹಿತ್ತಾಳೆ, ರದ್ದಿಯ ಜತೆ ಕಲ್ಲೂ ಗುಜರಿ ಅಂಗಡಿ ಸೇರುತ್ತದೆ. ಗುಜರಿಯವನಿಗೆ ಅದು ತಕ್ಕಡಿಗೆ ಮೋಸ ಮಾಡುವ ಭಾರ. ತೆಗೆದು ಮೂಲೆಗೆ ಎಸೆದಿರುತ್ತಾನೆ. ನಿನ್ನ ಕೆಲಸ ಇರುವುದು ಆ ಮೂಲೆಯಲ್ಲಿ. ಮುಂದಿನ ಸಾಲಿನಲ್ಲಿ ತೊಳೆದು, ಎಣ್ಣೆ ಸವರಿ ಇಟ್ಟದ್ದರ ಕಡೆ ಕಣ್ಣು ಹಾಯಿಸಿದರೂ ಕೈ ಹಾಕಬೇಡ.

ಪತ್ತಾರರ ಪೆಟ್ಟಿಗೆ ಕಂಡರೆ ಮಾತ್ರ ನಿಂತು ನೋಡು. ಚಿಮಟ, ಊದುಗೊಳವೆ, ಸಣ್ಣ ತಕ್ಕಡಿಯ ಕೆಳಗೆ ಒರೆಗಲ್ಲು ಇರುತ್ತದೆ. ಅಂಗೈಯಲ್ಲಿ ಕೂಡುವಷ್ಟು, ಮಸಿಗಪ್ಪು, ಒಂದು ಮೈ ಉಜ್ಜಿ ಉಜ್ಜಿ ನುಣುಪಾದದ್ದು. ಒಳ್ಳೆಯ ಒರೆಗಲ್ಲೆಂದರೆ ಬೆಣಚಿನ ಸಂಬಂಧಿಕ. ಕಣವೇ ಕಾಣದಷ್ಟು ನವುರಾದ ಕಪ್ಪು ಚರ್ಟ್ ಶಿಲೆ. ಖನಿಜದ ಗಡಸು ಅಳೆಯುವ ಮೋಸ್ ಪಟ್ಟಿಯಲ್ಲಿ 7ರ ಆಸುಪಾಸು. ಅದಕ್ಕೇ ಬಂಗಾರ ಉಜ್ಜಿದರೆ ಕಲ್ಲು ಸವೆಯದೆ ಬಂಗಾರವೇ ಗೆರೆಯಾಗಿ ಉಳಿಯುತ್ತದೆ. ಆ ಗೆರೆಯ ಮೇಲೆ ನೈಟ್ರಿಕ್ ಆಮ್ಲದ ಹನಿ ಬಿಟ್ಟರೆ ಬೆರಕೆಯ ತಾಮ್ರ ಕರಗಿಹೋಗುತ್ತದೆ, ಬಂಗಾರ ನಿಲ್ಲುತ್ತದೆ, ಕಲ್ಲಿಗೆ ಏನೂ ಆಗುವುದಿಲ್ಲ. ಭೂತಗನ್ನಡಿ ಹಿಡಿದು ವಾರೆಯಾಗಿ ಬೆಳಕಿಗೆ ತಿರುಗಿಸು. ಅಂಚಿನಲ್ಲಿ, ಒರೆಸಲು ಮರೆತ ಕಡೆ, ಕೂದಲೆಳೆಯಷ್ಟು ಸಣ್ಣ ಹಳದಿ ಗೆರೆಗಳು ಅಡ್ಡಾದಿಡ್ಡಿ ಕಾಣುತ್ತವೆ. ಯಾರ ಮದುವೆಯ ಗುಂಡಿನ ಸರವೋ, ಯಾರು ಒತ್ತೆ ಇಟ್ಟ ಬೋರಮಾಳವೋ. ಇಂಥ ಕಲ್ಲು ಐವತ್ತು ರೂಪಾಯಿಗೆ ಸಿಕ್ಕರೆ ಬಿಡಬೇಡ. ನಿನ್ನ ಕಾಲೇಜಿನಲ್ಲಿ ಖನಿಜದ ಗೆರೆಬಣ್ಣ ನೋಡುವ ಬಿಲ್ಲೆ ಬಿಳಿಯದು. ಇದು ಅದರ ಕಪ್ಪು ಅಣ್ಣ.

ಈಗ ಚೀಟಿಯ ಮಾತು. ಹಿಂದಿನ ವಿಜ್ಞಾನ ಮಾಸ್ತರರು ಕೆಲವರು ತಾವೇ ಕಲ್ಲು ಕೂಡಿಸುತ್ತಿದ್ದರು. ಬೂಟಿನ ಡಬ್ಬಿಯೊಳಗೆ ಕಡ್ಡಿಪೆಟ್ಟಿಗೆಗಳ ಸಾಲು, ಪ್ರತಿಯೊಂದರಲ್ಲೂ ಹತ್ತಿ, ಹತ್ತಿಯ ಮೇಲೆ ಕಲ್ಲು. ಕಲ್ಲಿನ ಮೂಲೆಗೆ ಬಿಳಿ ಬಣ್ಣದ ಚುಕ್ಕೆ, ಅದರ ಮೇಲೆ ಮಸಿಯಲ್ಲಿ ನಂಬರು. ಡಬ್ಬಿಯ ಮುಚ್ಚಳಕ್ಕೆ ಅಂಟಿಸಿದ ಹಾಳೆಯಲ್ಲಿ ‘ಸಂಡೂರು, ಮ್ಯಾಂಗನೀಸ್’, ‘ಇಂಗಳದಾಳು, ತಾಮ್ರದ ಅದಿರು’, ‘ಹಟ್ಟಿ, ಬೆಣಚು’ ಎಂದು ದುಂಡನೆಯ ಅಕ್ಷರ. ಗುಜರಿಯವನು ಮೊದಲು ಮಾಡುವ ಕೆಲಸವೆಂದರೆ ಹಾಳೆ ಹರಿದು ರದ್ದಿಗೆ ಹಾಕಿ, ಕಲ್ಲನ್ನು ಒಂದೇ ಬುಟ್ಟಿಗೆ ಸುರಿಯುವುದು. ಅಲ್ಲಿಗೆ ಮುಗಿಯಿತು. ಸಂಡೂರಿನ ಮ್ಯಾಂಗನೀಸ್ ಅದಿರು ಕೈಗೆ ಕಪ್ಪು ಹತ್ತಿಸುವುದರಿಂದ ಅದು ಏನೆಂದು ಗುರುತು ಸಿಕ್ಕೀತು. ಯಾವ ಊರಿನದು ಎಂದು ಯಾರು ಹೇಳಬೇಕು? ಊರು ತಿಳಿಯದ ಕಲ್ಲು ನೋಡಲು ಎಷ್ಟೇ ಚಂದವಿದ್ದರೂ ಕಲಿಯುವವರಿಗೆ ಅರ್ಧ ಸತ್ತಂತೆ. ಆದ್ದರಿಂದ ಇಂಥ ಡಬ್ಬಿ ಕಂಡರೆ ಕಲ್ಲಿಗೆ ಮುಂಚೆ ಚೀಟಿ ಕೇಳು. ರದ್ದಿಯ ಗಂಟಿನಲ್ಲಿ ಇನ್ನೂ ಇದ್ದರೆ ಹುಡುಕು, ಅದಕ್ಕೂ ಹತ್ತು ರೂಪಾಯಿ ಕೊಡು. ಚೀಟಿ ಇರುವ ಸಾದಾ ಕಲ್ಲಿಗೂ ಚೀಟಿ ಇಲ್ಲದ ಹೊಳೆಯುವ ಕಲ್ಲಿಗೂ ಒಂದೇ ಬೆಲೆ ಹೇಳಿದರೆ ಸಾದಾ ಕಲ್ಲನ್ನೇ ತಾ.

ರಾಬರ್ಟ್ ಬ್ರೂಸ್ ಫೂಟ್‌ನ ಹೆಸರು ನೀನು ಇನ್ನು ಮೂರು ವರ್ಷ ಕೇಳುತ್ತಲೇ ಇರುತ್ತೀ. ನಮ್ಮ ಕಾಲ ಕೆಳಗಿನ ಈ ಹಳೇ ಶಿಲೆಗಳಿಗೆ 1880ರ ದಶಕದಲ್ಲಿ ಧಾರವಾಡದ ಹೆಸರಿಟ್ಟವನು ಅವನೇ. ಅವನು ಕೂಡಿಸಿದ ಕಲ್ಲಿನ ಆಯುಧ, ಮಡಕೆ ಚೂರುಗಳೆಲ್ಲ 1904ರಲ್ಲಿ ಮದರಾಸಿನ ಸರ್ಕಾರಿ ವಸ್ತುಸಂಗ್ರಹಾಲಯ ಸೇರಿದವು. ಯಾವುದು ಎಲ್ಲಿ ಸಿಕ್ಕಿತು ಎಂದು ಒಂದೊಂದಕ್ಕೂ ಬರೆದಿಟ್ಟಿದ್ದ. 1912ರಲ್ಲಿ ಅವನು ಸತ್ತ ಮೇಲೆ ಆ ಪಟ್ಟಿ ಪುಸ್ತಕವಾಗಿ ಬಂತು. ಬರೆದಿಡದೆ ಹೋಗಿದ್ದರೆ ಮದರಾಸಿನವರು ಇಟ್ಟುಕೊಳ್ಳುತ್ತಿದ್ದುದು ಒಂದು ಬಂಡಿ ಜಲ್ಲಿ.

ಷೋಕೇಸಿನ ಕಲ್ಲಿನದು ಇನ್ನೊಂದು ದಾರಿ. ಅಜಂತಾ, ಎಲ್ಲೋರಾ ಪ್ರವಾಸಕ್ಕೆ ಹೋದವರು ಅಲ್ಲಿನ ರಸ್ತೆಬದಿಯವರಿಂದ ಹರಳುಗಟ್ಟಿದ ಕಲ್ಲು ಕೊಂಡು ತಂದಿರುತ್ತಾರೆ. ಡೆಕ್ಕನ್ ಟ್ರ್ಯಾಪಿನ ಕಪ್ಪು ಶಿಲೆಯ ಪೊಳ್ಳುಗಳಲ್ಲಿ ಬೆಳೆದ ಸ್ಟಿಲ್ಬೈಟ್, ಅಪೋಫಿಲೈಟ್ ಮುಂತಾದವು. ಪುಣೆ, ನಾಸಿಕ, ಜಳಗಾಂವದ ಕಲ್ಲುಗಣಿಗಳವು ಹೊರದೇಶದ ಸಂಗ್ರಹಗಳಲ್ಲೂ ಹೆಸರು ಮಾಡಿವೆ. ಟಿವಿಯ ಮೇಲೆ ವರ್ಷಗಟ್ಟಲೆ ಧೂಳು ತಿಂದು, ಮನೆಗೆ ಬಣ್ಣ ಹೊಡೆಸುವಾಗ ಹೊರಬೀಳುತ್ತವೆ. ಪೀಚ್ ಹಣ್ಣಿನ ಬಣ್ಣದ, ಬೀಸಣಿಗೆ ಬಿಚ್ಚಿದ ಹಾಗಿರುವ ಹರಳು ಕಂಡರೆ ಚೌಕಾಸಿ ಮಾಡಿ ತಾ. ಒರಟು ಬ್ರಷ್ಷಿನಿಂದ ತಿಕ್ಕಬೇಡ, ಆಮ್ಲದ ಹತ್ತಿರ ಒಯ್ಯಬೇಡ.

ಕೊಳ್ಳುವ ಮೊದಲು ಎತ್ತಿ ನೋಡು. ಕೈಯ ತೂಕಕ್ಕಿಂತ ಒಳ್ಳೆಯ ಗುರು ಇಲ್ಲ. ಬೆಣಚು ತನ್ನ ಗಾತ್ರದ ನೀರಿನ ಎರಡೂವರೆ ಪಟ್ಟಿಗೆ ಸ್ವಲ್ಪ ಮೇಲೆ ತೂಗುತ್ತದೆ, ಹೊಸಪೇಟೆಯ ಕಬ್ಬಿಣದ ಅದಿರು ಐದು ಪಟ್ಟು, ಸೀಸದ ಅದಿರು ಏಳೂವರೆ ಪಟ್ಟು. ಎರಡು ದಿನ ಅಭ್ಯಾಸವಾದರೆ ಕೈಯೇ ಹೇಳುತ್ತದೆ. ಆಮೇಲೆ ಟೈಲ್ಸಿನ ಒಂದು ಚೂರು ಜೋಳಿಗೆಯಲ್ಲಿರಲಿ. ಅದರ ಹಿಂಬದಿಯ ಒರಟು ಮೈಗೆ ಕಲ್ಲನ್ನು ಎಳೆ: ಹೆಮಟೈಟ್ ನೋಡಲು ಕಪ್ಪಿದ್ದರೂ ಗೆರೆ ತುಕ್ಕುಗೆಂಪು, ಮ್ಯಾಗ್ನಟೈಟ್‌ನದು ಕಪ್ಪು. ಉಗುರಿನ ಗಡಸು ಎರಡೂವರೆ, ಹಳೇ ತಾಮ್ರದ ದುಡ್ಡಿನದು ಮೂರು ಮೂರೂವರೆ, ಚಾಕುವಿನದು ಐದೂವರೆ. ಫ್ರೀಡ್ರಿಶ್ ಮೋಸ್ 1812ರಲ್ಲಿ ಕೊಟ್ಟ ಅಳತೆಪಟ್ಟಿಯನ್ನು ಹೀಗೆ ಕಿಸೆಯಲ್ಲೇ ಇಟ್ಟುಕೊಂಡು ತಿರುಗಬಹುದು. ಪರೀಕ್ಷೆಗೆ ಮುಂಚೆ ಮಾಲೀಕನ ಅಪ್ಪಣೆ ಕೇಳು, ಕಾಣದ ಮೂಲೆಯಲ್ಲಿ ಗೀರು.

ಬ್ಯಾಡಗಿಯಲ್ಲಿ ಬೆಳೆದವಳಿಗೆ ಬಣ್ಣದ ಮೋಸ ನಾನೇನು ಹೇಳಲಿ. ಮೆಣಸಿನಕಾಯಿಗೆ ಬಣ್ಣ ಹಚ್ಚಿ ಮಿಂಚಿಸಿದರೆ ದಲಾಲಿ ಅಂಗಡಿಯ ಹಮಾಲನೂ ಸುಕ್ಕು ನೋಡಿ, ಮುರಿದು ನೋಡಿ ಹಿಡಿಯುತ್ತಾನೆ. ಕಲ್ಲನ್ನೂ ಹಾಗೇ ನೋಡು. ಜಾತ್ರೆಯ ಸಾಲಿನಲ್ಲಿ ಸಿಗುವ ಕಡುನೀಲಿ, ಗಿಳಿಹಸಿರು, ಗುಲಾಬಿ ಅಕೀಕಿನ ಬಿಲ್ಲೆಗಳಲ್ಲಿ ಬಿರುಕಿನುದ್ದಕ್ಕೂ ಬಣ್ಣ ಗಟ್ಟಿಯಾಗಿ ನಿಂತಿರುತ್ತದೆ. ಉಗುರುಬಣ್ಣ ತೆಗೆಯುವ ದ್ರಾವಣದಲ್ಲಿ ಹತ್ತಿ ಅದ್ದಿ ಒರೆಸಿದರೆ ಎಷ್ಟೋ ಸಲ ಹತ್ತಿಗೆ ಇಳಿಯುತ್ತದೆ. ನಿನ್ನ ಎಂಟುನೂರರ ಗಡ್ಡೆಗೂ ಇದನ್ನು ಮಾಡಿ ನೋಡು. ‘ಸುನ್‌ಸಿತಾರಾ’ ಎಂದು ಉಂಗುರಕ್ಕೆ ಮಾರುವ, ಒಳಗೆ ಚಿನ್ನದ ಪುಡಿ ಮಿನುಗುವ ಕಂದು ಕಲ್ಲು ತಾಮ್ರದ ಕಣ ಸೇರಿಸಿ ಮಾಡಿದ ಗಾಜು. ‘ಸ್ಫಟಿಕ’ದೊಳಗೆ ದುಂಡನೆಯ ಗುಳ್ಳೆ ಕಂಡರೆ ಅದೂ ಗಾಜೇ.

ಬಂಗಾರದ ಕಲ್ಲು ತೋರಿಸುವವರೂ ಸಿಗುತ್ತಾರೆ. ಹಾವೇರಿ ತಾಲ್ಲೂಕಿನ ಗಣಜೂರಿನಲ್ಲಿ ಬಂಗಾರದ ಶೋಧ ನಡೆದದ್ದು ನಿಜ. ಆದರೆ ಅಲ್ಲಿಯ ಬಂಗಾರ ಗಂಧಕದ ಖನಿಜಗಳ ಜತೆ ಚರ್ಟಿನಲ್ಲಿ ಅಡಗಿದ್ದು, ಒಂದು ಟನ್ ಕಲ್ಲಿಗೆ ಕೆಲವೇ ಗ್ರಾಂ. ಕಣ್ಣಿಗೆ ಹೊಳೆಯುವುದು ಪೈರೈಟ್. ಪೈರೈಟ್ ಗೆರೆ ಹಸಿರುಗಪ್ಪು, ಬಂಗಾರದ ಗೆರೆ ಹಳದಿ. ನಿನ್ನ ಟೈಲ್ಸಿನ ಚೂರು ಅಲ್ಲೇ ನ್ಯಾಯ ಹೇಳುತ್ತದೆ. ಬೆಳ್ಳಿಬಿಳುಪಿನ ಕಲ್ಲನ್ನು ಸುತ್ತಿಗೆಯಿಂದ ತಟ್ಟಿದಾಗ ಬೆಳ್ಳುಳ್ಳಿಯ ವಾಸನೆ ಬಂದರೆ ಅದರಲ್ಲಿ ಆರ್ಸೆನಿಕ್ ಇದೆ, ಕೆಳಗಿಟ್ಟು ಕೈ ತೊಳೆ.

ವಿಷದ ಮಾತು ಬಂತು, ಮುಗಿಸಿಬಿಡುತ್ತೇನೆ. ಹಳೇ ನಾಟಿವೈದ್ಯರ ಪೆಟ್ಟಿಗೆ ಗುಜರಿಗೆ ಬಂದಾಗ ಹಳದಿ ಹರಿದಾಳ, ಕೆಂಪು ಮಣಿಶಿಲೆ, ಇಂಗಳೀಕ ಕಾಣಬಹುದು. ಮೊದಲೆರಡು ಆರ್ಸೆನಿಕ್, ಮೂರನೆಯದು ಪಾದರಸ. ನೋಡಲು ಬಲು ಸೊಗಸು. ಹಾಸ್ಟೆಲ್ ಕೋಣೆಗೆ ತರುವಂಥವಲ್ಲ. ನಾರು ನಾರಾಗಿ ಬಿಡುವ ಕಲ್ನಾರನ್ನು ಮುಟ್ಟಲೂ ಬೇಡ, ಅದರ ಧೂಳು ಶ್ವಾಸಕೋಶಕ್ಕೆ ಇಳಿದರೆ ಹೊರಗೆ ಬರುವುದಿಲ್ಲ.

ಕೈ ಹಾಕಬಾರದ ಇನ್ನೊಂದು ಜಾತಿ, ಮನುಷ್ಯರು ಕೆತ್ತಿದ್ದು. ಹಾವೇರಿಯ ಸಿದ್ಧೇಶ್ವರ, ಚೌಡದಾನಪುರದ ಮುಕ್ತೇಶ್ವರ ಗುಡಿಗಳ ಕಲ್ಲು ಬಳಪದ ಜಾತಿಯದು, ಉಳಿಗೆ ಸುಲಭವಾಗಿ ಬಗ್ಗುತ್ತದೆ. ಅಂಥ ಕಲ್ಲಿನ ಮೂಗು ಮುರಿದ ಮುಖವೋ, ವೀರಗಲ್ಲಿನ ತುಂಡೋ ಗುಜರಿಯ ಮೂಲೆಯಲ್ಲಿ ಕಂಡರೆ ‘ಅಗ್ಗ’ ಎಂಬ ಮಾತೇ ಬರಬಾರದು. ನೂರು ವರ್ಷ ದಾಟಿದ ಇಂಥ ವಸ್ತುಗಳಿಗೆ 1972ರ ಪ್ರಾಚ್ಯವಸ್ತು ಕಾಯ್ದೆ ಇದೆ. ಮಾರುವವನಿಗೆ ಲೈಸೆನ್ಸ್ ಬೇಕು. ತುಂಗಭದ್ರೆಯ ದಂಡೆಯ ಹಳ್ಳೂರಿನಲ್ಲಿ 1960ರ ದಶಕದಲ್ಲಿ ಎಂ.ಎಸ್. ನಾಗರಾಜರಾವ್ ಉತ್ಖನನ ಮಾಡಿ ನವಶಿಲಾಯುಗದವರ ಬದುಕನ್ನು ಹೊರತೆಗೆದರು. ಆ ಕಾಲದ ಉಜ್ಜಿ ನುಣುಪು ಮಾಡಿದ ಕಲ್ಲುಕೊಡಲಿ ಹೊಲದಿಂದ ಬಂದು ಗುಜರಿಯಲ್ಲಿ ಬಿದ್ದಿರಬಹುದು. ಕಂಡರೆ ಎಲ್ಲಿ ಸಿಕ್ಕಿತೆಂದು ಕೇಳಿ ಬರೆದುಕೋ, ಪುರಾತತ್ತ್ವ ಇಲಾಖೆಯವರಿಗೆ ತಿಳಿಸು. ಹವಳದ ದಿಬ್ಬದ ಬಿಳಿ ತುಂಡುಗಳೂ ಬೇಡ, ಅವು ವನ್ಯಜೀವಿ ಕಾಯ್ದೆಯಲ್ಲಿ ಬರುತ್ತವೆ.

ನಮ್ಮ ನೆಲದ್ದಕ್ಕೆ ದುಡ್ಡೇ ಬೇಡ, ಅದನ್ನೂ ಹೇಳಿಬಿಡಲೇ? ರಾಣೆಬೆನ್ನೂರಿನ ಸುತ್ತಲ ಬೂದುಹಸಿರು ಗ್ರೇವಾಕ್ ಶಿಲೆಗಳಿಗೆ ಭೂವಿಜ್ಞಾನದ ಪುಸ್ತಕಗಳಲ್ಲಿ ಊರಿನದೇ ಹೆಸರು. 250 ಕೋಟಿ ವರ್ಷಕ್ಕೂ ಹಳೆಯ ಕಡಲಿನ ಕೆಸರು ಮರಳು ಅದು. ಬಾವಿ ತೋಡಿದ ಮಣ್ಣಿನ ಗುಡ್ಡೆಯಿಂದ ಹೊಲದವರನ್ನು ಕೇಳಿ ಒಂದು ತುಂಡು ತಾ. ಅಲ್ಲಿನ ಕೃಷ್ಣಮೃಗ ಧಾಮದೊಳಗಿಂದ ಮಾತ್ರ ಒಂದು ಹರಳನ್ನೂ ಎತ್ತಬೇಡ.

ರದ್ದಿ ಪುಸ್ತಕದ ಗಂಟನ್ನೂ ಬಿಚ್ಚಿಸು. ಭೂವಿಜ್ಞಾನಿಗಳಾದ ಬಿ.ಪಿ. ರಾಧಾಕೃಷ್ಣ, ಟಿ.ಆರ್. ಅನಂತರಾಮು ಅವರ ಹೆಸರು ಕಂಡರೆ ಕಲ್ಲು ಬಿಟ್ಟು ಪುಸ್ತಕ ಹಿಡಿ.

ವ್ಯಾಪಾರದ ಹೊತ್ತೂ ನೋಡಿಕೋ. ಬೆಳಿಗ್ಗೆ ಬೋಣಿಗೆಗೆ ಮುಂಚೆ ಹೋಗಿ ಕಲ್ಲು ಕೇಳಿದರೆ ಯಾವ ಅಂಗಡಿಕಾರನಿಗೂ ಮುಖ ಅರಳುವುದಿಲ್ಲ. ಸುಗ್ಗಿಯಲ್ಲಿ ಸೋಮವಾರ, ಗುರುವಾರ ಬ್ಯಾಡಗಿಯ ಮೆಣಸಿನಕಾಯಿ ಪೇಟೆಯ ದಿನ ರಸ್ತೆಯಲ್ಲಿ ಸೀನುತ್ತ ನಿಲ್ಲುವುದೇ ಆದೀತು. ಬೇರೆ ದಿನ, ಊಟದ ಹೊತ್ತು ಮುಗಿದ ಮೇಲೆ ಹೋಗು. ಬೇಕಾದ ಕಲ್ಲನ್ನು ಮೊದಲು ಎತ್ತಬೇಡ. ಎರಡು ಬೇರೆ ಸಾಮಾನು ಕೇಳಿ, ‘ಇದಕ್ಕ ಕಡೀ ಮಾತು ಹೇಳ್ರಿ ಯಜಮಾನ್ರ’ ಎನ್ನು. ‘ಇದೇನರ ಬೆಲೆಬಾಳೂದೈತೇನವಾ?’ ಎಂದು ಅವನು ಕೇಳಿದರೆ ಮಾತ್ರ ಸುಳ್ಳು ಹೇಳಬೇಡ. ನಿಜ ಹೇಳಿ, ಇಪ್ಪತ್ತು ರೂಪಾಯಿ ಹೆಚ್ಚಿಗೆ ಕೊಟ್ಟು ಬಾ. ಸುಳ್ಳು ಹೇಳಿದ ಗಿರಾಕಿಗೆ ಗುಜರಿಯವನು ಎರಡನೇ ಸಲ ಮೂಲೆ ತೋರಿಸುವುದಿಲ್ಲ. ಫೋನ್ ನಂಬರು ಬರೆದುಕೊಟ್ಟು, ‘ಕಲ್ಲಿನ ಡಬ್ಬಿ ಬಂದ್ರ ಚೀಟಿ ಹರೀಬ್ಯಾಡ್ರಿ, ಹಂಗ ಇಡ್ರಿ, ನಾ ಬರ್ತೇನಿ’ ಎಂದು ಹೇಳಿಬಿಡು. ರಾಣೆಬೆನ್ನೂರಿನವನಿಗೆ ನಾನು ಆಗಲೇ ಹೇಳಿಟ್ಟಿದ್ದೇನೆ. ಹಾವೇರಿ, ಬ್ಯಾಡಗಿ ನಿನ್ನ ಪಾಲಿಗೆ.