ಕಲ್ಲೆಳೆಯುವ ಎತ್ತು: ದೂರದ ಲೆಕ್ಕ ಹೇಗೆ?

ಕಾರಹುಣ್ಣಿಮೆ ಬಂತೆಂದರೆ ರಾಯಚೂರಿನ ಮುಂಗಾರು ಹಬ್ಬದಲ್ಲಿ ಒಂದೂವರೆ ಟನ್, ಎರಡು ಟನ್ ಕಲ್ಲನ್ನು ಜೋಡೆತ್ತು ಎಳೆಯುವುದನ್ನು ನೋಡಲು ಜನ ಸೇರುತ್ತಾರೆ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಕಡೆಯ ಅಕ್ಕಂದಿರೇ, ಕಣದಲ್ಲಿ ಎತ್ತು ಹೊಡೆಯುವವರು ಗಂಡಸರು. ಕರುವಾಗಿದ್ದಾಗಿನಿಂದ ಹುಲ್ಲು, ಹಿಂಡಿ, ನೀರು ನೋಡಿದವರು ನೀವು. ಗೆಲುವಿನ ಲೆಕ್ಕವೂ ನಿಮಗೆ ಗೊತ್ತಿರಲಿ.

ಇದು ಓಟವಲ್ಲ. ಕೊಟ್ಟ ಸಮಯದಲ್ಲಿ ಕಲ್ಲು ಎಷ್ಟು ದೂರ ಸರಿಯಿತು ಎಂಬುದೇ ಲೆಕ್ಕ. ಜೋಡಿ ಕಣದ ತುದಿ ಮುಟ್ಟಿ, ತಿರುಗಿ, ಮತ್ತೆ ಎಳೆಯುತ್ತದೆ. ಕಣ 200 ಅಡಿ ಇದೆ ಎಂದುಕೊಳ್ಳಿ. 9 ಸಲ ಪೂರ್ತಿ ಎಳೆದು, ಹತ್ತನೆಯ ಸಲ 65 ಅಡಿಗೆ ಸೀಟಿ ಊದಿದರೆ 1,800ಕ್ಕೆ 65 ಕೂಡಿ 1,865 ಅಡಿ. ಜಗಳ ಹುಟ್ಟುವುದು ಆ 65ರಲ್ಲೇ. ಎತ್ತಿನ ಕಾಲಿನಿಂದ ಅಳೆದರೆ ಹಗ್ಗದ ಉದ್ದವೂ ದೂರಕ್ಕೆ ಸೇರಿಬಿಡುತ್ತದೆ. ಹೊರಡುವಾಗ ಕಲ್ಲಿನ ಮುಂದಿನ ಅಂಚು ಗೆರೆಯ ಮೇಲಿದ್ದರೆ ಕೊನೆಗೂ ಅದೇ ಅಂಚಿಗೆ ಟೇಪು ಹಿಡಿಯಬೇಕು. ತಿರುಗುವಾಗ ಕಲ್ಲು ಪೂರ್ತಿ ಗೆರೆ ದಾಟಬೇಕೋ, ಅಂಚು ಮುಟ್ಟಿದರೆ ಸಾಕೋ? ಹೆಸರು ಬರೆಸುವಾಗಲೇ ಕೇಳಿಸಿ.

ಅಮೆರಿಕ, ಯುರೋಪಿನಲ್ಲಿ ಟ್ರ್ಯಾಕ್ಟರುಗಳಿಗೂ ಇಂಥದೇ ಪಂದ್ಯವಿದೆ. ಹಿಂದೆ ಕಟ್ಟಿದ ಬಂಡಿಯ ಮೇಲಿನ ಭಾರ, ಸಾಗಿದಂತೆಲ್ಲ ಮುಂದಕ್ಕೆ ಜರುಗಿ, ಎಳೆಯುವುದು ಕಷ್ಟವಾಗುತ್ತಾ ಹೋಗುತ್ತದೆ. ಯುರೋಪಿನಲ್ಲಿ 100 ಮೀಟರ್ ಮುಟ್ಟಿದರೆ ಅದು ‘ಫುಲ್ ಪುಲ್’. ಹಲವರು ಮುಟ್ಟಿದರೆ ಅವರಿಗೆ ಮತ್ತೊಂದು ಸುತ್ತು. ಪಕ್ಕದ ಗೆರೆ ದಾಟಿದರೆ ಆ ಎಳೆತ ಲೆಕ್ಕಕ್ಕಿಲ್ಲ. ಅಲ್ಲಿ ಶಕ್ತಿ ಮುಗಿದರೆ ಯಂತ್ರ ತಾನೇ ನಿಲ್ಲುತ್ತದೆ. ಎತ್ತು ಹಾಗಲ್ಲ, ಸೋತ ಮೇಲೂ ಏಟಿಗೆ ಹೆದರಿ ನಾಲ್ಕು ಹೆಜ್ಜೆ ಇಡುತ್ತದೆ. ಕೊನೆಯ ನಿಮಿಷದ ದೂರ ಎಷ್ಟೋ ಸಲ ಹೀಗೆಯೇ ಬರುವುದು.

ಭಾರ ಎಳೆಯುವ ಪ್ರಾಣಿಗಳಿಗೆಂದು 1965ರಲ್ಲಿ ಮಾಡಿದ ಕೇಂದ್ರದ ನಿಯಮಗಳಲ್ಲಿ ಮೊಳೆ ಹೊಡೆದ ಕೋಲಿಗೆ ನಿಷೇಧವಿದೆ. ಬಿಸಿಲು 37 ಡಿಗ್ರಿ ದಾಟುವ ಕಡೆ ಮಧ್ಯಾಹ್ನ 12ರಿಂದ 3ರವರೆಗೆ ಭಾರ ಎಳೆಸುವಂತಿಲ್ಲ. ನಮ್ಮ ಕಡೆಯ ಬೇಸಿಗೆ ನಿಮಗೇ ಗೊತ್ತು! ನಿಮ್ಮ ಜೋಡಿಯ ಸರದಿ ಎಷ್ಟು ಗಂಟೆಗೆ ಎಂದು ವಿಚಾರಿಸಿಯೇ ಕೊಟ್ಟಿಗೆಯಿಂದ ಬಿಡಿ.

ಬಾಯಿ ತೆರೆದು, ನಾಲಿಗೆ ಹೊರಚಾಚಿ ಏದುತ್ತಿದ್ದರೆ, ಮುಂಗಾಲು ಮಡಚಿದರೆ, ಸಮಯ ಉಳಿದಿದ್ದರೂ ನೊಗ ಬಿಚ್ಚಿಸಿ, ನೆರಳಿಗೆ ಹಿಡಿದು, ಮೈಮೇಲೆ ನೀರು ಹಾಕಿ, ಪಶುವೈದ್ಯರನ್ನು ಕರೆಸಿ. ನಡುವೆ ನೊಗ ಬಿಚ್ಚಿದರೆ ಅಲ್ಲಿಯವರೆಗೆ ಎಳೆದ ದೂರ ಉಳಿಯುತ್ತದೆಯೇ ಎಂಬುದನ್ನೂ ಮೊದಲೇ ಕೇಳಿಟ್ಟುಕೊಳ್ಳಿ.