ಹೆಸರು ಬದಲಿಸಿದರೆ ಪಾಪ ತೀರುತ್ತದೆಯೇ?



ನಮ್ಮ ದೇವಾಲಯಗಳಲ್ಲಿ ಬೆಂಚುಗಳ ಹಿಂಬದಿಯಲ್ಲಿ, ಗಂಟೆಗೋಪುರದ ಬುಡದಲ್ಲಿ, ಕೆಲವು ಕಡೆ ಫ್ಯಾನಿನ ರೆಕ್ಕೆಗಳ ಮೇಲೂ ದಾನಿಗಳ ಹೆಸರು ಬರೆಸಿರುವುದನ್ನು ನೀವು ನೋಡಿದ್ದೀರಿ. ಬಲಿಪೂಜೆಯ ನಡುವೆ ಮಕ್ಕಳು ಅದನ್ನು ಓದುತ್ತಾ ಕುಳಿತಿರುತ್ತಾರೆ. "ಅಪ್ಪಾ, ಇವರು ಯಾರು?" ಎಂದು ಕೇಳಿದರೆ, "ಸುಮ್ಮನಿರು, ಪೂಜೆ ನಡೀತಿದೆ" ಎಂದು ಗದರುತ್ತೇವೆ. ಪೂಜೆ ಮುಗಿದ ಮೇಲೆ ಉತ್ತರ ಹೇಳಲು ಮರೆಯುತ್ತೇವೆ. ಅಮೆರಿಕದ ಒಂದು ಕಥೋಲಿಕ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ತಮ್ಮ ಹಾಸ್ಟೆಲಿನ ಗೋಡೆಯ ಮೇಲಿನ ಹೆಸರನ್ನು ನೋಡಿ ಇದೇ ಪ್ರಶ್ನೆ ಕೇಳಿದರು. ಸಿಕ್ಕ ಉತ್ತರ ಧರ್ಮಸಭೆಯ ಮಕ್ಕಳಾದ ನಮಗೆಲ್ಲ ತಲೆ ತಗ್ಗಿಸುವಂಥದ್ದು. ಆದರೂ ಅದನ್ನು ಮನೆಯಲ್ಲಿ, ದೊಡ್ಡ ಮಕ್ಕಳ ಎದುರಿನಲ್ಲೇ ಓದಬೇಕು ಎಂಬುದು ನನ್ನ ಅಭಿಪ್ರಾಯ.

ಆ ವಿಶ್ವವಿದ್ಯಾಲಯ ವಾಷಿಂಗ್ಟನ್ ನಗರದ ಜಾರ್ಜ್‌ಟೌನ್. ಅಮೆರಿಕದ ಮೊದಲ ಧರ್ಮಾಧ್ಯಕ್ಷರಾದ ಜಾನ್ ಕ್ಯಾರಲ್ ಅವರು 1789ರಲ್ಲಿ ಅದನ್ನು ಸ್ಥಾಪಿಸಿದರು. ಮುಂದೆ ಅದು ಯೇಸುಸಭೆಯ ಗುರುಗಳ ಕೈಯಲ್ಲಿ ಬೆಳೆಯಿತು. ಹತ್ತಿರದ ಮೇರಿಲ್ಯಾಂಡ್ ಸೀಮೆಯಲ್ಲಿ ಯೇಸುಸಭೆಗೆ ವಿಸ್ತಾರವಾದ ತೋಟಗಳಿದ್ದವು. ಅಲ್ಲಿ ದುಡಿಯುತ್ತಿದ್ದವರು ಆಫ್ರಿಕಾ ಮೂಲದ ಗುಲಾಮರು. ಅವರು ಹೊರಗಿನವರಾಗಿರಲಿಲ್ಲ. ಗುರುಗಳೇ ಅವರಿಗೆ ಜ್ಞಾನಸ್ನಾನ ಕೊಡುತ್ತಿದ್ದರು, ಮದುವೆ ನಡೆಸಿಕೊಡುತ್ತಿದ್ದರು, ಒಂದೇ ಪೀಠದಿಂದ ಪರಮಪ್ರಸಾದ ನೀಡುತ್ತಿದ್ದರು. ಹೀಗೆ ವಿಶ್ವಾಸದಲ್ಲಿ ಸೋದರರು, ಲೆಕ್ಕದ ಪುಸ್ತಕದಲ್ಲಿ ಮಾತ್ರ ಆಸ್ತಿ.

1838ರಲ್ಲಿ ಈ ಆಸ್ತಿಯನ್ನು ಮಾರಲಾಯಿತು. ಗಂಡಸರು, ಹೆಂಗಸರು, ಹಸುಗೂಸುಗಳು ಸೇರಿ 272 ಜನ. ಬೆಲೆ 1,15,000 ಡಾಲರ್. ಕೊಂಡವರು ದೂರದ ಲೂಯಿಸಿಯಾನಾದ ತೋಟದ ಮಾಲೀಕರು. ಮಾರಾಟವನ್ನು ಕುದುರಿಸಿದವರು ಜಾರ್ಜ್‌ಟೌನಿನ ಅಧ್ಯಕ್ಷರಾಗಿದ್ದು ಆಗ ಪ್ರಾಂತ್ಯಾಧಿಕಾರಿಯಾಗಿದ್ದ ಫಾದರ್ ಥಾಮಸ್ ಮುಲ್ಲೆಡಿ. ಅವರಿಗೆ ನೆರವಾದವರು ಫಾದರ್ ವಿಲಿಯಂ ಮ್ಯಾಕ್‌ಶೆರಿ. ಮೊದಲ ಕಂತಿನಲ್ಲಿ ಬಂದ ಹಣದಲ್ಲಿ ಸುಮಾರು 17,000 ಡಾಲರ್ ಕಾಲೇಜಿನ ಸಾಲಕ್ಕೆ ಹೋಯಿತು. ಆ ಸಾಲ ಬಹುಪಾಲು ಕಟ್ಟಡಗಳನ್ನು ಕಟ್ಟಿಸಿದ್ದರಿಂದಲೇ ಆದದ್ದು.

"ಆ ಕಾಲದಲ್ಲಿ ಎಲ್ಲರೂ ಹಾಗೇ ಮಾಡುತ್ತಿದ್ದರು, ಇಂದಿನ ಅಳತೆಗೋಲಿನಿಂದ ಅವರನ್ನು ಅಳೆಯಬಾರದು" ಎಂಬ ಮಾತನ್ನು ನಾವು ಕೂಡಲೇ ಹೇಳಿಬಿಡುತ್ತೇವೆ. ಸರಿ, ಅಂದಿನ ಅಳತೆಗೋಲಿನಿಂದಲೇ ಅಳೆಯೋಣ. ರೋಮಿನಲ್ಲಿದ್ದ ಯೇಸುಸಭೆಯ ಮಹಾಧಿಕಾರಿ ಫಾದರ್ ಯಾನ್ ರೋಥಾನ್ ಅವರು ಮಾರಾಟಕ್ಕೆ ಒಪ್ಪಿಗೆ ಕೊಡುವಾಗಲೇ ಷರತ್ತು ಹಾಕಿದ್ದರು: ಕುಟುಂಬಗಳನ್ನು ಒಡೆಯಬಾರದು, ಅವರ ಧರ್ಮಾಚರಣೆಗೆ ಅಡ್ಡಿಯಾಗಬಾರದು, ಬಂದ ಹಣದಿಂದ ಸಾಲ ತೀರಿಸಬಾರದು. ಈ ಷರತ್ತುಗಳನ್ನು ಮುರಿಯಲಾಯಿತು. ಗಂಡ ಒಂದು ಕಡೆ, ಹೆಂಡತಿ ಒಂದು ಕಡೆ ಆದರು. ಲೂಯಿಸಿಯಾನಾದಲ್ಲಿ ಅನೇಕರಿಗೆ ಹತ್ತಿರದಲ್ಲಿ ದೇವಾಲಯವೂ ಸಿಗಲಿಲ್ಲ, ಗುರುಗಳೂ ಸಿಗಲಿಲ್ಲ. ಮಾರಾಟವನ್ನು ವಿರೋಧಿಸಿದ ಗುರುಗಳು ಅದೇ ಪ್ರಾಂತ್ಯದಲ್ಲಿದ್ದರು. ಮರುವರ್ಷವೇ, 1839ರಲ್ಲಿ, ಜಗದ್ಗುರು ಪೋಪ್ 16ನೇ ಗ್ರೆಗೊರಿಯವರು ಗುಲಾಮರ ವ್ಯಾಪಾರವನ್ನು ಖಂಡಿಸಿ ಪತ್ರ ಹೊರಡಿಸಿದರು. ಫಾದರ್ ಮುಲ್ಲೆಡಿ ಅಧಿಕಾರ ಬಿಟ್ಟು ಯುರೋಪಿಗೆ ಹೋಗಬೇಕಾಯಿತು. ಆದರೆ ಕೆಲವೇ ವರ್ಷಗಳಲ್ಲಿ ಹಿಂತಿರುಗಿ, ಅದೇ ಜಾರ್ಜ್‌ಟೌನಿಗೆ ಮತ್ತೆ ಅಧ್ಯಕ್ಷರಾದರು. ಅವರ ಹೆಸರಿನಲ್ಲಿ ಒಂದು ಭವನ, ಮ್ಯಾಕ್‌ಶೆರಿಯವರ ಹೆಸರಿನಲ್ಲಿ ಇನ್ನೊಂದು ಭವನ ನಿಂತವು. ಮಾರಾಟವಾದವರ ಹೆಸರು ಎಲ್ಲಿಯೂ ಇರಲಿಲ್ಲ.

ವಿದ್ಯಾರ್ಥಿಗಳ ಪ್ರಶ್ನೆ

2015ರಲ್ಲಿ ಮುಲ್ಲೆಡಿ ಭವನವನ್ನು ದುರಸ್ತಿ ಮಾಡಿ ವಿದ್ಯಾರ್ಥಿಗಳ ವಾಸಕ್ಕೆ ತೆರೆದರು. ಮಾರಾಟದ ಸಂಗತಿ ಇತಿಹಾಸಕಾರರಿಗೆ ಗೊತ್ತಿತ್ತು, ವಿದ್ಯಾರ್ಥಿ ಪತ್ರಿಕೆಯಲ್ಲೂ ಬಂದಿತ್ತು. ಓದಿದವರಿಗೆ ಆ ಹೆಸರಿನ ಕೆಳಗೆ ಮಲಗಿ ಏಳುವುದು ಸಹಿಸಲಾಗಲಿಲ್ಲ. ಇದನ್ನು ಪರಿಶೀಲಿಸಲು ಆ ಸೆಪ್ಟೆಂಬರಿನಲ್ಲಿ ವಿಶ್ವವಿದ್ಯಾಲಯ ಒಂದು ಸಮಿತಿಯನ್ನು ನೇಮಿಸಿತು; ಅದರಲ್ಲಿ ಗುರುಗಳು, ಪ್ರಾಧ್ಯಾಪಕರು, ವಿದ್ಯಾರ್ಥಿಗಳು ಇದ್ದರು. ಸಮಿತಿ ಎಂದರೆ ಸಾವಧಾನ ಎಂಬುದು ನಮಗೂ ಗೊತ್ತಿರುವ ಸಂಗತಿಯೇ. ನವೆಂಬರಿನಲ್ಲಿ ವಿದ್ಯಾರ್ಥಿಗಳು ಅಧ್ಯಕ್ಷರ ಕಚೇರಿಯ ಹೊರಗೆ ಧರಣಿ ಕುಳಿತರು. ಅದಾದ ಬೆನ್ನಿಗೇ ಸಮಿತಿಯ ಶಿಫಾರಸ್ಸಿನಂತೆ ಎರಡೂ ಹೆಸರುಗಳನ್ನು ತೆಗೆದು, ಸದ್ಯಕ್ಕೆ 'ಸ್ವಾತಂತ್ರ್ಯ ಭವನ', 'ಸ್ಮರಣೆಯ ಭವನ' ಎಂದು ಕರೆದರು.

2017ರ ಏಪ್ರಿಲ್ 18ರಂದು ಶಾಶ್ವತ ಹೆಸರುಗಳನ್ನು ಇಟ್ಟರು. ಮುಲ್ಲೆಡಿ ಭವನ ಐಸಾಕ್ ಹಾಕಿನ್ಸ್ ಭವನವಾಯಿತು. ಐಸಾಕ್ ಯಾರು? 1838ರ ಮಾರಾಟದ ಪಟ್ಟಿಯಲ್ಲಿ ಮೊದಲ ಹೆಸರು ಆತನದು, ವಯಸ್ಸು 65. ಆತನ ಹೆಸರಿನ ಹಿಂದೆಯೇ ಮಕ್ಕಳು, ಮೊಮ್ಮಕ್ಕಳು.

ಇನ್ನೊಂದು ಭವನಕ್ಕೆ ಆನ್ ಮೇರಿ ಬೆಕ್ರಾಫ್ಟ್ ಅವರ ಹೆಸರು. ಇವರು ಗುಲಾಮಳಲ್ಲ, ಸ್ವತಂತ್ರ ಕುಟುಂಬದಲ್ಲಿ ಹುಟ್ಟಿದ ಕಪ್ಪು ಹುಡುಗಿ. 15ನೇ ವಯಸ್ಸಿಗೇ ಜಾರ್ಜ್‌ಟೌನ್ ಊರಿನಲ್ಲಿ ಕಪ್ಪು ಹೆಣ್ಣುಮಕ್ಕಳಿಗಾಗಿ ಶಾಲೆ ನಡೆಸಿದ ಧೀರೆ. 1831ರಲ್ಲಿ ಬಾಲ್ಟಿಮೋರಿಗೆ ಹೋಗಿ, ಮದರ್ ಮೇರಿ ಲಾಂಗ್ ಅವರು ಎರಡು ವರ್ಷ ಹಿಂದೆ ಆರಂಭಿಸಿದ್ದ ಕಪ್ಪು ಕನ್ಯಾಸ್ತ್ರೀಯರ ಸಭೆಗೆ ಸೇರಿದರು. ಅಲ್ಲಿ ಆರಿಸಿಕೊಂಡ ಹೆಸರು ಸಿಸ್ಟರ್ ಅಲೋಶಿಯಸ್. ಮಂಗಳೂರಿನ ಓದುಗರಿಗೆ ಈ ಹೆಸರಿನ ಪರಿಚಯ ಹೇಳಬೇಕಿಲ್ಲ. ನಿಮ್ಮ ಎಷ್ಟೋ ಮಕ್ಕಳು ಅದೇ ಸಂತರ ಹೆಸರಿನ ಕಾಲೇಜಿನಲ್ಲಿ ಓದಿದವರು. ಸಿಸ್ಟರ್ 1833ರಲ್ಲಿ, ಮೂವತ್ತು ತುಂಬುವ ಮೊದಲೇ ತೀರಿಕೊಂಡರು.

ಅಂದಿನ ಪ್ರಾರ್ಥನಾಕೂಟದಲ್ಲಿ ಮಾರಾಟವಾದವರ ವಂಶಸ್ಥರು ಮುಂದಿನ ಸಾಲುಗಳಲ್ಲಿ ಕುಳಿತಿದ್ದರು. ಅಮೆರಿಕದ ಯೇಸುಸಭೆಯ ಪರವಾಗಿ ಫಾದರ್ ಟಿಮೋತಿ ಕೆಸಿಕಿಯವರು ಅವರ ಎದುರಿಗೆ ನಿಂತು ಕ್ಷಮೆ ಕೇಳಿದರು. ನಾವು ಪ್ರತಿ ಪೂಜೆಯ ಆರಂಭದಲ್ಲಿ ಎದೆ ತಟ್ಟಿಕೊಂಡು ಹೇಳುವ ಪಾಪನಿವೇದನೆಯ ಮಾತುಗಳಲ್ಲೇ ತಮ್ಮ ಸಭೆಯ ಪಾಪವನ್ನು ಒಪ್ಪಿಕೊಂಡರು.

ಇತಿಹಾಸ ಅಳಿಸಿಹೋಯಿತೇ?

ಹೆಸರು ತೆಗೆದರೆ ಇತಿಹಾಸ ಅಳಿಸಿದಂತೆ ಎನ್ನುವವರಿದ್ದಾರೆ. ಇಲ್ಲಿ ಆದದ್ದನ್ನು ನೋಡಿ. ಮುಲ್ಲೆಡಿ ಎಂಬ ಹೆಸರು ಗೋಡೆಯ ಮೇಲಿದ್ದಷ್ಟು ಕಾಲ ಅದರ ಹಿಂದಿನ ಕಥೆ ಸಾಮಾನ್ಯ ವಿದ್ಯಾರ್ಥಿಗೆ ಗೊತ್ತಿರಲಿಲ್ಲ. ಐಸಾಕ್ ಎಂದು ಬರೆದ ಮೇಲೆ ಹೊಸದಾಗಿ ಬಂದವರೆಲ್ಲ "ಇವರು ಯಾರು?" ಎಂದು ಕೇಳಲೇಬೇಕು; ಕೇಳಿದರೆ ಮುಲ್ಲೆಡಿಯವರ ಕಥೆಯೂ ಬರುತ್ತದೆ.

ಆದರೆ ಪಾಪನಿವೇದನೆಗೆ ಹೋಗುವ ನಮಗೆ ಇನ್ನೊಂದು ಮಾತು ಗೊತ್ತಿದೆ. ಪಶ್ಚಾತ್ತಾಪ ಪಡಬೇಕು, ಬಾಯಿಬಿಟ್ಟು ಹೇಳಬೇಕು, ಆಮೇಲೆ ಪ್ರಾಯಶ್ಚಿತ್ತವನ್ನೂ ಮಾಡಬೇಕು. ನೆರೆಯವನ ಹಸು ಕದ್ದವನು ಗುರುಗಳ ಕಿವಿಯಲ್ಲಿ ಹೇಳಿ, ಹಸುವನ್ನು ತನ್ನ ಕೊಟ್ಟಿಗೆಯಲ್ಲೇ ಇಟ್ಟುಕೊಂಡರೆ? ಪ್ರಭು ಯೇಸುವನ್ನು ಮನೆಯಲ್ಲಿ ಬರಮಾಡಿಕೊಂಡ ಜಕ್ಕಾಯ ಊಟ ಬಡಿಸಿ ಸುಮ್ಮನಾಗಲಿಲ್ಲ. ಮೋಸದಿಂದ ತೆಗೆದುಕೊಂಡದ್ದನ್ನು ನಾಲ್ಕು ಪಾಲು ಹಿಂದಿರುಗಿಸಲು ಸಿದ್ಧನಾದ. ಹೆಸರು ಬದಲಿಸುವುದು ಬಾಯಿಬಿಟ್ಟು ಹೇಳಿದ ಹಾಗೆ. ಅದು ಚಿಕ್ಕದಲ್ಲ, ಆದರೆ ಅಷ್ಟೇ ಅಲ್ಲ.

ಇದು ವಿದ್ಯಾರ್ಥಿಗಳಿಗೆ ನಮಗಿಂತ ಚೆನ್ನಾಗಿ ಅರ್ಥವಾಗಿತ್ತು ಎಂದು ನನಗನಿಸುತ್ತದೆ. 2019ರ ಏಪ್ರಿಲಿನಲ್ಲಿ ಅವರು ತಮ್ಮೊಳಗೇ ಮತದಾನ ನಡೆಸಿದರು. ಪ್ರತಿಯೊಬ್ಬ ವಿದ್ಯಾರ್ಥಿಯೂ ಅರ್ಧವರ್ಷಕ್ಕೆ 27 ಡಾಲರ್ 20 ಸೆಂಟ್ ಶುಲ್ಕ ಕೊಟ್ಟು, ಆ ಹಣ ವಂಶಸ್ಥರ ಹಿತಕ್ಕೆ ಹೋಗಬೇಕು ಎಂಬ ಸಲಹೆ. ಮೊತ್ತದೊಳಗೇ 272 ಅಡಗಿದೆ, ಗಮನಿಸಿ. ನೂರಕ್ಕೆ 66 ಮತ ಪರವಾಗಿ ಬಿತ್ತು. ವಿರೋಧಿಸಿದವರು ಹೇಳಿದ್ದೂ ತೆಗೆದುಹಾಕುವ ಮಾತಲ್ಲ: ಸಾಲ ಸಂಸ್ಥೆಯದು, ವಿದ್ಯಾರ್ಥಿಗಳು ಏಕೆ ತೀರಿಸಬೇಕು? ವಿಶ್ವವಿದ್ಯಾಲಯವು ಕೊನೆಗೆ ಶುಲ್ಕ ವಿಧಿಸಲಿಲ್ಲ; ಅದರ ಬದಲು ಅಷ್ಟೇ ಮೊತ್ತವನ್ನು, ವರ್ಷಕ್ಕೆ ಸುಮಾರು 4 ಲಕ್ಷ ಡಾಲರನ್ನು, ದೇಣಿಗೆಯಿಂದ ಕೂಡಿಸುವುದಾಗಿ ಪ್ರಕಟಿಸಿತು. 2021ರಲ್ಲಿ ಯೇಸುಸಭೆಯವರು ವಂಶಸ್ಥರೊಂದಿಗೆ ಸೇರಿ ಒಂದು ಪ್ರತಿಷ್ಠಾನ ಸ್ಥಾಪಿಸಿ, 10 ಕೋಟಿ ಡಾಲರ್ ಕೂಡಿಸುವ ವಾಗ್ದಾನ ಮಾಡಿದರು. ದಾನದ ಮಾತು ದೊಡ್ಡದೇ. ಆದರೂ, ಯಾರನ್ನೂ ಮಾರದ ಹತ್ತೊಂಬತ್ತು ಇಪ್ಪತ್ತರ ಹುಡುಗ ಹುಡುಗಿಯರು "ನಮ್ಮ ಲೆಕ್ಕಕ್ಕೆ ಹಾಕಿ" ಎಂದದ್ದು ನನ್ನ ಮನಸ್ಸಿನಿಂದ ಹೋಗುವುದಿಲ್ಲ.

ವಂಶಸ್ಥರು ಸಿಕ್ಕಿದ್ದು ಹೇಗೆ ಎಂದು ನೀವು ಕೇಳಬಹುದು. ಹಳೆಯ ಜ್ಞಾನಸ್ನಾನದ ಮತ್ತು ಮದುವೆಯ ದಾಖಲೆ ಪುಸ್ತಕಗಳು ಅದಕ್ಕೆ ಬಹಳ ನೆರವಾದವು. ಆಸ್ತಿಯೆಂದು ಮಾರಿದವರ ಕೈಬರಹದಲ್ಲೇ ಅವರು ಯಾರ ಮಗ, ಯಾರ ಮಗಳು, ಜ್ಞಾನತಂದೆ ಯಾರು ಎಂಬುದೂ ಉಳಿದಿತ್ತು. ಲೂಯಿಸಿಯಾನಾದ ಮಾರಿಂಗ್ವಿನ್ ಎಂಬ ಚಿಕ್ಕ ಊರಿನಲ್ಲಿ ಆ ಕುಟುಂಬಗಳವರು ಇಂದಿಗೂ ಇದ್ದಾರೆ. ಅವರಲ್ಲಿ ಅನೇಕರು ಕಥೋಲಿಕರಾಗಿಯೇ ಉಳಿದಿದ್ದಾರೆ.

ಈ ವಾರ ಒಂದು ಸಂಜೆ, ಜಪಸರ ಮುಗಿದ ಮೇಲೆ, ಸಂತ ಪೌಲರು ಫಿಲೆಮೋನನಿಗೆ ಬರೆದ ಪತ್ರವನ್ನು ಮನೆಯಲ್ಲಿ ಓದಿಸಿ. ಇರುವುದೇ 25 ವಾಕ್ಯ. ಒಡೆಯನನ್ನು ಬಿಟ್ಟು ಓಡಿಹೋದ ಗುಲಾಮ ಒನೇಸಿಮನನ್ನು ಹಿಂದಕ್ಕೆ ಕಳುಹಿಸುತ್ತಾ, ಅವನನ್ನು ಸೋದರನೆಂದು ಬರಮಾಡಿಕೊಳ್ಳಲು ಪೌಲರು ಬೇಡುತ್ತಾರೆ. ಅವನಿಂದ ಬರಬೇಕಾದ ಬಾಕಿ ಏನಿದ್ದರೂ ತಾವೇ ತೀರಿಸುವುದಾಗಿ ಸ್ವಂತ ಕೈಯಿಂದ ಬರೆದುಕೊಡುತ್ತಾರೆ. ಓದುವ ಕೆಲಸ ಮನೆಯ ಕಿರಿಯರಿಗಿರಲಿ. ಫಿಲೆಮೋನ ಆಮೇಲೆ ಏನು ಮಾಡಿದ ಎಂದು ಅವರು ಕೇಳುತ್ತಾರೆ. ಅದು ಪತ್ರದಲ್ಲಿ ಬರೆದಿಲ್ಲ.