ಬೆವರು ಆರದ ಬಟ್ಟೆ: ರಕ್ಷಣಾ ಸೂಟಿನೊಳಗೆ ತಂಪು, ಪರೀಕ್ಷೆಗೆ ಮುಖ್ಯಾಂಶಗಳು

ಗುಪ್ತೋಷ್ಣ, ಬಾಷ್ಪೀಕರಣ, ಪೆಲ್ಟಿಯರ್ ಪರಿಣಾಮ: ಸಾಮಾನ್ಯ ವಿಜ್ಞಾನದ ಈ ಮೂರೂ ಒಂದೇ ವಿಷಯದಲ್ಲಿ ಸಿಗುತ್ತವೆ. ನಂಜನಗೂಡು, ಟಿ. ನರಸೀಪುರದ ಅಭ್ಯರ್ಥಿಗಳಿಗಂತೂ ಉದಾಹರಣೆ ಊರಲ್ಲೇ ಇದೆ.

ನಂಜನಗೂಡಿನ ನಂಟು

• 2020ರ ಮಾರ್ಚ್ ಕೊನೆಯ ವಾರ ನಂಜನಗೂಡಿನ ಔಷಧ ಕಾರ್ಖಾನೆಯೊಂದರ ನೌಕರರೊಬ್ಬರಿಗೆ ಕೋವಿಡ್ ದೃಢಪಟ್ಟಿತು. ಅಲ್ಲಿಂದ ಹಬ್ಬಿದ ಸೋಂಕು 70 ಮಂದಿಯನ್ನೂ ದಾಟಿತು. ಮೈಸೂರು ಜಿಲ್ಲೆಯ ಮೊದಲ 90 ಪ್ರಕರಣಗಳಲ್ಲಿ ಬಹುಪಾಲು ಇದರದ್ದೇ. ಮೇ ಮಧ್ಯದ ಹೊತ್ತಿಗೆ 90 ಮಂದಿಯೂ ಗುಣಮುಖರಾದರು.

• ಏಪ್ರಿಲ್, ಮೇ ನಮ್ಮಲ್ಲಿ ಕಡು ಬೇಸಿಗೆ. ಆರೋಗ್ಯ ಸಿಬ್ಬಂದಿ ಪಿಪಿಇ ಕಿಟ್ ತೊಟ್ಟು ದುಡಿದದ್ದು ಆ ಬಿಸಿಲಿನಲ್ಲೇ. ಒಮ್ಮೆ ತೊಟ್ಟರೆ ಬಿಚ್ಚುವ ತನಕ ನೀರು ಕುಡಿಯುವಂತಿಲ್ಲ. ಕನ್ನಡಕಕ್ಕೆ ಮಂಜು ಕಟ್ಟುತ್ತದೆ. ಗ್ಲೌಸ್ ಎಳೆದು ತೆಗೆದರೆ ಬೆರಳ ತುದಿಯಿಂದ ಬೆವರು ತೊಟ್ಟಿಕ್ಕುತ್ತದೆ, ಅಂಗೈ ನೀರಲ್ಲಿ ನೆನೆದ ಹಾಗೆ ಸುಕ್ಕುಗಟ್ಟಿರುತ್ತದೆ. ಅವರ ಋಣ ದೊಡ್ಡದು.

• 2020ರ ಮೇ ವೇಳೆಗೆ ದೇಶದ ಪಿಪಿಇ ಕವರಾಲ್ ಉತ್ಪಾದನೆಯ ಸುಮಾರು ಅರ್ಧ ಬೆಂಗಳೂರಿನದ್ದು. ಆಗಿನ ಮಾನಕ: ಐಎಸ್ 17423:2020.

ಮೂಲ ತತ್ವ

ಬೆವರು ಸುರಿದರೆ ಮೈ ತಂಪಾಗದು, ಆರಿದರೆ ಮಾತ್ರ ತಂಪು. 1 ಲೀಟರ್ ಬೆವರು ಆವಿಯಾದರೆ ಸುಮಾರು 2,400 ಕಿಲೋಜೌಲ್ ಶಾಖ ಹೊತ್ತೊಯ್ಯುತ್ತದೆ. ವೈರಾಣುವನ್ನು ಒಳಗೆ ಬಿಡದ ಬಟ್ಟೆ ಈ ಆವಿಯನ್ನೂ ಸರಾಗವಾಗಿ ಹೊರಗೆ ಬಿಡುವುದಿಲ್ಲ. ದೇಹದ ಒಳತಾಪ 37 ಡಿಗ್ರಿಯಿಂದ 40 ಸೆಲ್ಸಿಯಸ್ ದಾಟಿ, ಪ್ರಜ್ಞೆ ಮಸುಕಾದರೆ ಅದು ಉಷ್ಣಾಘಾತ.

ಕೆಲಸದ ಜಾಗದ ಸೆಕೆ ಅಳೆಯುವ ಸೂಚ್ಯಂಕ ಡಬ್ಲ್ಯುಬಿಜಿಟಿ. ಬಿಸಿಲಿನಲ್ಲಿ ಇದರ ಸೂತ್ರ: ಒದ್ದೆ ಬಲ್ಬ್ ತಾಪದ 0.7 ಪಾಲು, ಕಪ್ಪು ಗೋಳದ ತಾಪದ 0.2 ಪಾಲು, ಗಾಳಿಯ ತಾಪದ 0.1 ಪಾಲು. ಆವಿ ಬಿಡದ ಸೂಟು ತೊಟ್ಟವರಿಗೆ ಅಮೆರಿಕದ ಎಸಿಜಿಐಎಚ್ ಸಂಸ್ಥೆ ಇದಕ್ಕೆ 11 ಡಿಗ್ರಿ ಸೇರಿಸಲು ಹೇಳುತ್ತದೆ. ಸೂಚ್ಯಂಕ 27 ಇದ್ದರೆ ಸೂಟಿನವರಿಗೆ 38 ಎಂದೇ ಲೆಕ್ಕ. ಹಾಗಾಗಿ ಸೂಟಿನೊಳಗಿನ ತಂಪನ್ನು ಸೌಕರ್ಯ ಎನ್ನಲಾಗದು, ರಕ್ಷಣೆಯಲ್ಲೇ ಅದೂ ಒಂದು ಭಾಗ. 2014ರ ಎಬೋಲಾ ಕಾಲದಲ್ಲಿ ಪಶ್ಚಿಮ ಆಫ್ರಿಕಾದ ವಾರ್ಡುಗಳಲ್ಲಿ ಸೂಟಿನ ಪಾಳಿಯನ್ನು ಸುಮಾರು ಒಂದು ಗಂಟೆಗೆ ಇಳಿಸಿದ್ದು ಇದಕ್ಕೇ.

ಬಗೆಗಳು

• ಮಂಜುಗಡ್ಡೆಯ ವೆಸ್ಟ್: ಅಗ್ಗ. ಆದರೆ 0 ಡಿಗ್ರಿಯ ಚಳಿಗೆ ಚರ್ಮದ ರಕ್ತನಾಳ ಕುಗ್ಗಿ ಶಾಖ ಹೊರಬರುವುದೇ ಕಡಿಮೆಯಾಗಬಹುದು.

• ಪಿಸಿಎಂ ವೆಸ್ಟ್: ಸ್ಥಿತಿ ಬದಲಿಸುವ ವಸ್ತು, ಅಂದರೆ ಹಿತವಾದ ತಾಪದಲ್ಲಿ ಕರಗುವ ಮೇಣ ಅಥವಾ ಲವಣ. ಹೆಕ್ಸಾಡೆಕೇನ್ 18ರಲ್ಲಿ, ಆಕ್ಟಾಡೆಕೇನ್ 28 ಡಿಗ್ರಿಯಲ್ಲಿ ಕರಗುತ್ತದೆ. ನೆದರ್ಲೆಂಡ್ಸ್‌ನ ರಾಡ್‌ಬೌಡ್ ಆಸ್ಪತ್ರೆಯ 17 ಕೋವಿಡ್ ದಾದಿಯರಿಗೆ 21 ಡಿಗ್ರಿಯಲ್ಲಿ ಕರಗುವ ವೆಸ್ಟ್ ಕೊಟ್ಟಾಗ ಸೆಕೆಯ ಬಾಧೆ ಚೆನ್ನಾಗಿ ತಗ್ಗಿತು. ಒಳತಾಪದ ವ್ಯತ್ಯಾಸ ಮಾತ್ರ ಅಲ್ಪ.

• ಫ್ಯಾನ್ ವ್ಯವಸ್ಥೆ: ಸೋಸಿದ ಗಾಳಿಯನ್ನು ಸೂಟಿನೊಳಗೆ ಊದುತ್ತದೆ. ಮುಂಬೈಯ ಎಂಜಿನಿಯರಿಂಗ್ ವಿದ್ಯಾರ್ಥಿ ನಿಹಾಲ್ ಸಿಂಗ್ ಆದರ್ಶ್, ವೈದ್ಯೆಯಾದ ತಾಯಿಯ ಪಾಡು ನೋಡಿ ಮಾಡಿದ ‘ಕೋವ್-ಟೆಕ್’ 2021ರಲ್ಲಿ ಸುದ್ದಿಯಾಯಿತು. ಸೊಂಟಕ್ಕೆ ಕಟ್ಟುವ ಸಾಧನ, ಲಿಥಿಯಂ ಬ್ಯಾಟರಿ 6ರಿಂದ 8 ಗಂಟೆ.

• ದ್ರವ ವ್ಯವಸ್ಥೆ: ಸಣ್ಣ ಕೊಳವೆಗಳಲ್ಲಿ ತಣ್ಣೀರು ಹರಿಯುವ ಒಳಉಡುಪು. 1960ರ ದಶಕದಲ್ಲಿ ಬ್ರಿಟನ್ನಿನ ಫಾರ್ನ್‌ಬರೋದಲ್ಲಿ ರೂಪುಗೊಂಡು ಅಪೊಲೊ ಯಾನಿಗಳ ಮೈ ಸೇರಿತು. ನಾಸಾದ ನಂತರದ ಬಾಹ್ಯಾಕಾಶ ಸೂಟಿನಲ್ಲಿ ಕೊಳವೆಯ ಉದ್ದ ಸುಮಾರು 91 ಮೀಟರ್.

• ಪೆಲ್ಟಿಯರ್ (1834): ಎರಡು ಬೇರೆ ವಾಹಕಗಳು ಕೂಡುವಲ್ಲಿ ವಿದ್ಯುತ್ ಹರಿದರೆ ಒಂದು ಕಡೆ ತಂಪು, ಇನ್ನೊಂದು ಕಡೆ ಬಿಸಿ. ಆ ಬಿಸಿಯನ್ನು ಹೊರಹಾಕದಿದ್ದರೆ ಮುಚ್ಚಿದ ಸೂಟಿನಲ್ಲಿ ಪ್ರಯೋಜನವಿಲ್ಲ.

ಕೈಯಾರೆ ಮಾಡಬೇಕಾದ ಲೆಕ್ಕ

ವೆಸ್ಟ್ ಮೈಯಿಂದ 100 ವಾಟ್ ಶಾಖ ತೆಗೆಯುತ್ತಿದೆ ಎಂದುಕೊಳ್ಳಿ. ಎಷ್ಟು ಹೊತ್ತು ಬಾಳುತ್ತದೆ?

ಪಿಸಿಎಂ: 2 ಕೆ.ಜಿ. × 200 ಕಿಲೋಜೌಲ್ (ಕೆ.ಜಿ.ಗೆ ಗುಪ್ತೋಷ್ಣ) = 400 ಕಿಲೋಜೌಲ್. ಸೆಕೆಂಡಿಗೆ 100 ಜೌಲ್‌ನಂತೆ 4,000 ಸೆಕೆಂಡ್, ಸುಮಾರು 67 ನಿಮಿಷ.
ಮಂಜುಗಡ್ಡೆ: 2 × 334 = 668 ಕಿಲೋಜೌಲ್, ಸುಮಾರು 111 ನಿಮಿಷ.
ಅರ್ಧ ಲೀಟರ್ ಬೆವರು, ಪೂರ್ತಿ ಆರಿದರೆ: 1,200 ಕಿಲೋಜೌಲ್, 200 ನಿಮಿಷ.

ಮೂರನೆಯ ಸಾಲು ಮರೆಯಬೇಡಿ. ಎರಡು ಕೆ.ಜಿ. ಮೇಣ ಹೊತ್ತರೂ ಅರ್ಧ ಲೀಟರ್ ಬೆವರಿನ ಮೂರನೇ ಒಂದು ಪಾಲು ಕೆಲಸವಷ್ಟೇ ಆಗುತ್ತದೆ. ವಾರ್ಡಿನ ಪಾಳಿಗೆ ಫ್ಯಾನ್ ವ್ಯವಸ್ಥೆಯೇ ಮೇಲು ಎಂಬುದು ನನ್ನ ತೀರ್ಮಾನ: ಅದು ಬೆವರನ್ನು ಆರಲು ಬಿಡುತ್ತದೆ, ಮೈಯ ಸ್ವಂತ ಯಂತ್ರ ಮತ್ತೆ ಓಡುತ್ತದೆ.

ಟಿ. ನರಸೀಪುರದ ಗದ್ದೆಗೆ

ಗದ್ದೆಯಲ್ಲಿ ಕೀಟನಾಶಕ ಹೊಡೆಯುವವರಿಗೂ ಇದೇ ಸೆಕೆಯ ಪ್ರಶ್ನೆ. ಕೀಟನಾಶಕ ಕಾಯ್ದೆ 1968, ನಿಯಮಾವಳಿ 1971. ರಕ್ಷಣಾ ಉಡುಪು 39ನೇ ನಿಯಮದಲ್ಲಿದೆ. ಕಾವೇರಿ, ಕಪಿಲೆಯ ನೀರುಂಡ ಭತ್ತದ ಬಯಲಲ್ಲಿ ಬೆನ್ನಿಗೆ 16 ಲೀಟರ್ ಪಂಪು ಹೊತ್ತು ಔಷಧಿ ಹೊಡೆಯುವವರಿಗೆ ತಂಪಿನ ವೆಸ್ಟ್ ಸಿಗುವುದು ದೂರದ ಮಾತು. ಸೆಕೆಗೆ ಅಂಗಿ ಬಿಚ್ಚಿದರೆ ವಿಷ ಚರ್ಮಕ್ಕೆ ಇಳಿಯುತ್ತದೆ. ಆದ್ದರಿಂದ ಬೆಳಗಿನ ತಂಪು ಹೊತ್ತಿನಲ್ಲೇ ಹೊಡೆದು ಮುಗಿಸಲಿ. ಓದಿದ್ದನ್ನು ಮನೆಯಲ್ಲಿ ಹೇಳಿ: ಯಾರಾದರೂ ತಲೆಸುತ್ತಿ ತಡವರಿಸಿದರೆ ನೆರಳಿಗೆ ಕರೆತಂದು, ಔಷಧಿ ತಾಗಿದ ಬಟ್ಟೆ ಕಳಚಿ, ಮೈಗೆ ನೀರು ಹುಯ್ದು ಗಾಳಿ ಬೀಸಿ, ತಡಮಾಡದೆ 108ಕ್ಕೆ ಕರೆ ಮಾಡಿ.